ಐದನೆಯ ಕೇಂದ್ರದಿಂದ ಮೇಲೆ ನಲವತ್ತನಾಲ್ಕು ಕಿಲೋಮೀಟರ್

ಬುಧವಾರ ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷಕ್ಕೆ ದೊಡ್ಡ ಡಾಕ್ಟರು ಪೂರ್ತಿ ಬ್ಯಾಟರಿಯ ವ್ಯಾನಿನ ಖರೀದಿ ಪತ್ರಕ್ಕೆ ಸಹಿ ಹಾಕಿದರು. ಆ ಹೊತ್ತಿಗೆ ರಕ್ತ ಪರೀಕ್ಷಾಲಯದ ಹಿತ್ತಲಲ್ಲಿ ಮೀಟರಮ್ಮ ಹಳೆಯ ವ್ಯಾನಿನ ತಂಪುಪೆಟ್ಟಿಗೆಯನ್ನು ಸೋಪುನೀರು ಹಾಕಿ ತೊಳೆಯುತ್ತಿದ್ದಳು.

ಮೀಟರಮ್ಮ ಎನ್ನುವುದು ಪರೀಕ್ಷಾಲಯದವರು ಇಟ್ಟ ಹೆಸರು. ಹನ್ನೊಂದು ವರ್ಷದಿಂದ ವ್ಯಾನ್ ಓಡಿಸುತ್ತಿದ್ದ ಅವಳ ಬಾಯಲ್ಲಿ 'ಸುಮಾರು' ಎಂಬ ಮಾತು ಬರುತ್ತಿರಲಿಲ್ಲ. ದೂರ ಕೇಳಿದರೆ ಕಿಲೋಮೀಟರಿನ ಜೊತೆ ಮೀಟರನ್ನೂ ಸೇರಿಸಿ ಹೇಳುತ್ತಿದ್ದಳು. ಮದುವೆ ಯಾವಾಗ ಆಯಿತು ಎಂದು ಕೇಳಿದರೂ ಇಷ್ಟು ಗಂಟೆ ಇಷ್ಟು ನಿಮಿಷಕ್ಕೆ ಎನ್ನುತ್ತಾಳೆ ಎಂದು ಕಚೇರಿಯ ಗುಮಾಸ್ತೆ ತಮಾಷೆ ಮಾಡುತ್ತಿದ್ದಳು.

ಮಂಗಳವಾರ ಮತ್ತು ಶುಕ್ರವಾರ ಅವಳು ಏಳು ಆರೋಗ್ಯ ಕೇಂದ್ರಗಳಿಂದ ರಕ್ತದ ಮಾದರಿಗಳನ್ನು ತರುತ್ತಿದ್ದಳು. ಐದು ಕೇಂದ್ರ ಮುಟ್ಟಿ ಹಿಂದಿರುಗಿದರೆ 198 ಕಿಲೋಮೀಟರ್. ಏಳನ್ನೂ ಮುಟ್ಟಿದರೆ 286. ಕೊನೆಯ ಎರಡು ಕೇಂದ್ರಗಳು ಗುಡ್ಡದ ಮೇಲಿದ್ದವು. ವ್ಯಾನ್ ಇಲ್ಲದ ಕಾಲದಲ್ಲಿ ಅಲ್ಲಿಯ ಮಾದರಿಗಳು ಬಸ್ಸಿನಲ್ಲಿ ಬರುತ್ತಿದ್ದವು. ಬಿಸಿಲು ತಿಂದು, ಕುಲುಕಿ ಕೆಟ್ಟು, ಹತ್ತರಲ್ಲಿ ನಾಲ್ಕನ್ನು ಚೆಲ್ಲಬೇಕಾಗುತ್ತಿತ್ತು. ಮೀಟರಮ್ಮ ಅದನ್ನು ಕಣ್ಣಾರೆ ಕಂಡಿದ್ದಳು.

ಹಳೆಯ ವ್ಯಾನಿನ ಆಯಸ್ಸು ಮುಗಿಯುತ್ತ ಬಂದಿತ್ತು. ಎಂಟು ತಿಂಗಳ ಹಿಂದೆ ಪರೀಕ್ಷಾಲಯದ ಮುಖ್ಯಸ್ಥೆಯಾಗಿ ಬಂದ ದೊಡ್ಡ ಡಾಕ್ಟರು ಎರಡು ಗಾಡಿಗಳನ್ನು ತರಿಸಿ ನೋಡಿದರು. ಒಂದು ಪೂರ್ತಿ ಬ್ಯಾಟರಿಯದು. ಕಂಪನಿಯವರು ಮುನ್ನೂರು ಕಿಲೋಮೀಟರ್ ಎಂದರು. ತಂಪುಪೆಟ್ಟಿಗೆ ಓಡಿಸಿಕೊಂಡು ಏರು ಹತ್ತಿಸಿದಾಗ ಇನ್ನೂರ ಮೂವತ್ತಕ್ಕೆ ನಿಂತಿತು. ಇನ್ನೊಂದು ರೇಂಜ್ ಎಕ್ಸ್‌ಟೆಂಡರ್ ಇರುವ ಹೈಬ್ರಿಡ್. ಅದರ ಬ್ಯಾಟರಿ ನೂರ ಹತ್ತು ಕಿಲೋಮೀಟರಿಗೆ ಸಾಕು. ಆಮೇಲೆ ಒಳಗಿನ ಸಣ್ಣ ಪೆಟ್ರೋಲ್ ಎಂಜಿನ್ ಶುರುವಾಗುತ್ತದೆ. ಆ ಎಂಜಿನ್ ಚಕ್ರ ತಿರುಗಿಸುವುದಿಲ್ಲ, ಕರೆಂಟ್ ಮಾತ್ರ ತಯಾರಿಸುತ್ತದೆ. "ಬುತ್ತಿ ಕಟ್ಕೊಂಡು ಹೊರಟ ಬ್ಯಾಟರಿ ಅಂದ್ಕೊಳ್ಳಿ," ಎಂದು ಮೆಕ್ಯಾನಿಕ್ ವಿವರಿಸಿದ್ದ.

ಡಾಕ್ಟರು ಹಾಕಿದ ಅಳತೆಗೋಲು ನ್ಯಾಯವಾಗಿಯೇ ಇತ್ತು. ಆರು ತಿಂಗಳ ಟ್ರಿಪ್ ಶೀಟು ನೋಡುವುದು. ಸರಾಸರಿ 220ರ ಒಳಗಿದ್ದರೆ ಪೂರ್ತಿ ಬ್ಯಾಟರಿ, ದಾಟಿದರೆ ಹೈಬ್ರಿಡ್. ಪೂರ್ತಿ ಬ್ಯಾಟರಿಯ ಗಾಡಿ ಗುಡ್ಡ ಹತ್ತಿ ವಾಪಸು ಬರಲಾರದು. ಅದು ಬಂದರೆ ಮೇಲಿನ ಎರಡು ಕೇಂದ್ರಗಳು ಮತ್ತೆ ಬಸ್ಸಿನ ಪಾಲು. ಮೀಟರಮ್ಮ ತಲೆ ಕೆಡಿಸಿಕೊಂಡಿರಲಿಲ್ಲ. ಆ ಆರು ತಿಂಗಳ ಐವತ್ತೆರಡು ಟ್ರಿಪ್ಪುಗಳಲ್ಲಿ ಐವತ್ತು ಸಲ ಅವಳು ಮೇಲಿನವರೆಗೂ ಹೋಗಿದ್ದಳು.

ಸುದ್ದಿ ತಂದವಳು ಗುಮಾಸ್ತೆ.

"ಮೀಟರಮ್ಮ, ನಿಮ್ಮ ಗಾಡಿಗೆ ಇನ್ಮೇಲೆ ಪೆಟ್ರೋಲ್ ವಾಸನೇನೇ ಇಲ್ಲ ಬಿಡಿ. ಪೂರ್ತಿ ಬ್ಯಾಟರಿ."

"ಯಾರು ಹೇಳಿದ್ದು?"

"ಯಾರು ಹೇಳೋದೇನು, ನಾನೇ ಸೀಲ್ ಒತ್ತಿ ಬಂದೆ. ಸರಾಸರಿ ಇನ್ನೂರ ಎಂಟು."

ಮೀಟರಮ್ಮ ನಕ್ಕಳು. "ಇನ್ನೂರ ಎಂಬತ್ತೆರಡು ಇರಬೇಕು. ಸರಿಯಾಗಿ ನೋಡಿ."

"ನಾನು ತಪ್ಪು ಓದಬಹುದು, ದೊಡ್ಡ ಡಾಕ್ಟರ ಕ್ಯಾಲ್ಕುಲೇಟರೂ ತಪ್ಪು ಓದುತ್ತಾ? ನಿಮ್ಮ ಶೀಟು ಅಂತ ಯಾರೂ ಎರಡನೇ ಸಲ ನೋಡೋಕೂ ಹೋಗ್ಲಿಲ್ಲ."

ಮೀಟರಮ್ಮ ಕೈ ಒರೆಸಿಕೊಂಡು ಕಚೇರಿಗೆ ಹೋಗಿ ಫೈಲು ಬಿಚ್ಚಿದಳು. ಐವತ್ತೆರಡು ಹಾಳೆ. ಆರರಲ್ಲಿ 286, ಉಳಿದ ನಲವತ್ತಾರರಲ್ಲಿ 198. ಆ ನಲವತ್ತಾರರಲ್ಲೂ ಒಂದೇ ಷರಾ: 'ಮೇಲಿನ ಕೇಂದ್ರದವರೇ ಮಾದರಿಗಳನ್ನು ಐದನೆಯ ಕೇಂದ್ರಕ್ಕೆ ತಲುಪಿಸಿದರು.' ಪ್ರತಿ ಹಾಳೆಯ ಕೆಳಗೂ ಅವಳ ಸಹಿ. ಮೇಲಿನ ಎರಡು ಕೇಂದ್ರಗಳ ಮಾದರಿಗಳು ಮೊದಲಿನಿಂದಲೂ ಐದನೆಯದರ ನಂಬರಿನಲ್ಲೇ ದಾಖಲಾಗುತ್ತಿದ್ದುದರಿಂದ ಪರೀಕ್ಷಾಲಯದ ರಿಜಿಸ್ಟರಿನಲ್ಲೂ ವ್ಯತ್ಯಾಸ ಕಾಣುವಂತಿರಲಿಲ್ಲ.

ಸಹಿ ಅವಳದೇ. ಅಲ್ಲಿಯ ಪದ್ಧತಿಯೇ ಹಾಗಿತ್ತು. ಡ್ರೈವರು ದಾರಿಯಲ್ಲಿ ಒಂದು ಚೀಟಿಯ ಮೇಲೆ ಪೆನ್ಸಿಲಿನಲ್ಲಿ ಗೀಚಿಕೊಂಡು ಬರುವುದು, ರವಾನೆ ಗುಮಾಸ್ತರು ಅದನ್ನು ಶಾಯಿಯಲ್ಲಿ ಶೀಟಿಗೆ ಇಳಿಸುವುದು, ಚೀಟಿ ಬುಟ್ಟಿಗೆ. ಬಂದ ತಕ್ಷಣ ಮಾದರಿಗಳನ್ನು ಶೀತಲ ಕೋಣೆಗೆ ಸೇರಿಸಬೇಕಾದ್ದರಿಂದ ಸಹಿಗೆಂದು ಕಾಯಲು ಯಾರಿಗೂ ಪುರಸೊತ್ತಿಲ್ಲ. ಹಾಗಾಗಿ ತಿಂಗಳ ಮೊದಲ ದಿನವೇ ಆ ತಿಂಗಳ ಖಾಲಿ ಹಾಳೆಗಳಿಗೆಲ್ಲ ಸಹಿ ಹಾಕಿ ಕೊಟ್ಟುಬಿಡುತ್ತಿದ್ದರು. ರವಾನೆ ಗುಮಾಸ್ತರು ಮೀಟರಮ್ಮನ ಅಕ್ಕನ ಗಂಡ. ಅವಳಿಗೆ ಸ್ಟೇರಿಂಗ್ ಹಿಡಿಯಲು ಕಲಿಸಿ ಈ ಕೆಲಸಕ್ಕೆ ಸೇರಿಸಿದವರೂ ಅವರೇ. ಹನ್ನೊಂದು ವರ್ಷದಲ್ಲಿ ಅವಳು ಒಂದು ಸಲವೂ ತುಂಬಿದ ಹಾಳೆಯನ್ನು ಕೇಳಿ ನೋಡಿರಲಿಲ್ಲ.

ಅವಳು ಇನ್ನೊಮ್ಮೆ ಮೊದಲಿನಿಂದ ಹಾಳೆ ತಿರುವಿದಳು. ಹೊರಟ ಸಮಯ 7.15, 7.15, 7.15. ಏಳರ ಅಂಕಿಯ ಸೊಂಟಕ್ಕೆಲ್ಲ ಒಂದೊಂದು ಅಡ್ಡಗೆರೆ. ಭಾವ ಹಾಗೆ ಬರೆಯುವುದಿಲ್ಲ. ಏಳು ಒಂದರ ಹಾಗೆ ಕಾಣಬಾರದು ಎಂದು ಹಾಗೆ ಬರೆಯುತ್ತಿದ್ದವಳು, ಮೀಟರಮ್ಮನಿಗೆ ಸ್ಲೇಟಿನ ಮೇಲೆ ಹಾಗೆ ಬರೆಯಲು ಕಲಿಸಿದವಳು, ಅಕ್ಕ.

ಭಾವ ಮಧ್ಯಾಹ್ನದ ಊಟಕ್ಕೆ ಮನೆಗೆ ಹೋಗುತ್ತಿದ್ದರು. ಮೀಟರಮ್ಮ ಒಂದೂಕಾಲಿಗೆ ಅಲ್ಲಿ ತಲುಪಿದಳು. ಮೂರನೆಯ ಮಹಡಿಯ ಎರಡು ಕೋಣೆಯ ಬಾಡಿಗೆ ಮನೆ, ಲಿಫ್ಟ್ ಇಲ್ಲ. ಬಾಗಿಲು ತೆರೆದೇ ಇತ್ತು.

"ಬಾರೇ, ಸರಿಯಾಗಿ ಊಟದ ಹೊತ್ತಿಗೆ ಬಂದಿದ್ದೀಯ. ಕೂತ್ಕೋ, ತಟ್ಟೆ ಹಾಕ್ತೀನಿ," ಎಂದಳು ಅಕ್ಕ.

"ತಟ್ಟೆ ಉಳಿದಿದೆಯಾ? ಎಲ್ಲಾ ಪೇಪರಲ್ಲಿ ಸುತ್ತಿಟ್ಟಿದ್ದೀಯಲ್ಲ."

ಗೋಡೆಯ ಪಕ್ಕ ನಾಲ್ಕು ರಟ್ಟಿನ ಪೆಟ್ಟಿಗೆಗಳಿದ್ದವು. ಮೇಲಿನದರಿಂದ ಹಳೆಯ ಪೇಪರಿನಲ್ಲಿ ಸುತ್ತಿದ ಪಾತ್ರೆಯ ಹಿಡಿಯೊಂದು ಹೊರಗೆ ಇಣುಕುತ್ತಿತ್ತು. ಅಕ್ಕ ಗಂಡನ ಮುಖ ನೋಡಿದಳು. ಭಾವ ತಟ್ಟೆಯಲ್ಲೇ ಕೈ ತೊಳೆದರು.

"ಎಲ್ಲಿಗೆ ಹೋಗ್ತಿದ್ದೀರಿ ಭಾವ?"

"ಹೇಳೋಣ ಅಂತಾನೇ ಇದ್ದೆ ಕಣಮ್ಮ. ಪರೀಕ್ಷಾಲಯದ ಕಾಂಪೌಂಡಲ್ಲಿ ಆ ನೆಲಮನೆ ಇದೆಯಲ್ಲ, ಮೆಟ್ಟಿಲು ಹತ್ತೋದೇ ಬೇಡ. ಗಾಡಿ ರಾತ್ರಿ ಚಾರ್ಜಿಗೆ ಹಾಕಿದ್ರೆ ನೋಡ್ಕೊಳ್ಳೋಕೆ ಯಾರಾದ್ರೂ ಅಲ್ಲೇ ಇರಬೇಕು. ರವಾನೆ ವಿಭಾಗದವರೇ ಇರಲಿ ಅಂದ್ರು ಮೇಡಂ."

"ಹೈಬ್ರಿಡ್ ಬಂದಿದ್ರೆ?"

"ಅದಕ್ಕೆ ಮಾಮೂಲಿ ಪ್ಲಗ್ ಸಾಕಂತೆ. ಕರೆಂಟ್ ಹೋದ್ರೆ ಪೆಟ್ರೋಲ್ ಇರುತ್ತೆ. ಕಾಯೋರು ಬೇಕಿಲ್ಲ."

ಮೀಟರಮ್ಮ ಅಕ್ಕನ ಕಡೆ ತಿರುಗಿದಳು. "ಐವತ್ತೆರಡು ಹಾಳೆ. ಕೈ ನೋಯ್ಲಿಲ್ವಾ?"

"ಇವರಿಗೆ ಕಣ್ಣಿನ ಆಪರೇಷನ್ ಆದಾಗಿಂದ ಶೀಟು ಮನೆಗೆ ತರ್ತಿದ್ರು, ನಾನೇ ಬರೀತಿದ್ದೆ," ಎಂದಳು ಅಕ್ಕ. "ಮೊದಮೊದಲು ನೀನು ಬರೆದಿದ್ದನ್ನೇ ಬರೀತಿದ್ದೆ. ಸುಳ್ಳು ಹೇಳಲ್ಲ."

"ಆಮೇಲೆ?"

"ಅರವತ್ತೆರಡು ಮೆಟ್ಟಿಲು ಕಣೇ, ಈ ಕಾಲಲ್ಲಿ. ನೀನು ಕಿಲೋಮೀಟರ್ ಎಣಿಸ್ತೀಯ, ನಾನು ಮೆಟ್ಟಿಲು ಎಣಿಸ್ತೀನಿ. ಹೋದ ತಿಂಗಳು ಎರಡೇ ಸಲ ಕೆಳಗೆ ಇಳಿದಿದ್ದು. ಎರಡು ಸಲಾನೂ ಆಸ್ಪತ್ರೆಗೆ."

"ನನ್ನನ್ನ ಒಂದು ಮಾತು ಕೇಳಬಹುದಿತ್ತಲ್ಲ."

"ಕೇಳಿದ್ರೆ ಒಪ್ತಿದ್ಯಾ?" ಎಂದರು ಭಾವ.

"ಇಲ್ಲ."

"ಅದಕ್ಕೇ ಕೇಳ್ಲಿಲ್ಲ. ಆರು ಹಾಳೇಲಿ ಇದ್ದದ್ದು ಇದ್ದ ಹಾಗೇ ಬಿಟ್ಟಿದ್ದೀವಿ. ಉಳಿದ ಹಳೇವನ್ನ ಒಟ್ಟಿಗೆ ಹೊಸದಾಗಿ ಬರೆದ್ವಿ, ಆಮೇಲಿನವನ್ನ ಮೊದಲೇ ಹಾಗೆ ಬರೆದ್ವಿ. ನಿನ್ನ ಹತ್ರ ಖಾಲಿ ಹಾಳೆಗೆ ಸಹಿ ಬೇಕು ಅಂದಾಗ ನೀನು ಯಾಕೆ ಅಂತಾನೂ ಕೇಳ್ಲಿಲ್ಲ."

ಅದು ನಿಜ. ಎರಡು ತಿಂಗಳ ಹಿಂದೆ, ಹಳೇ ಶೀಟುಗಳ ಮೇಲೆ ನೀರು ಬಿತ್ತು, ಮತ್ತೆ ಬರೆಯಬೇಕು ಎಂದು ಭಾವ ಒಂದು ಕಟ್ಟು ಹಾಳೆ ತಂದಿದ್ದರು. ಅವಳು ವ್ಯಾನಿನ ಬಾನೆಟ್ಟಿನ ಮೇಲಿಟ್ಟುಕೊಂಡು, ನಿಂತಲ್ಲೇ ಸಹಿ ಹಾಕಿದ್ದಳು.

"ಮೇಲಿನೋರ ಗತಿ ಏನು ಭಾವ?"

"ಬಸ್ಸಲ್ಲಿ ಕಳಿಸ್ತಾರೆ. ಮುಂಚೆ ಕಳಿಸ್ತಿರ್ಲಿಲ್ವಾ? ನಿನಗೂ ಒಳ್ಳೇದೇ, ಮೂರು ಗಂಟೆಗೆಲ್ಲ ಮನೆ ಸೇರ್ತೀಯ."

"ನನ್ನ ಒಳ್ಳೇದು ಬಿಡಿ. ಇವತ್ತೇ ಮೇಡಂ ಹತ್ರ ಹೋಗಿ ನಿಜ ಹೇಳಿ. ನೀವೇ ಹೇಳಿದ್ರೆ ಒಂದು ಬಗೆ. ನಾನು ಹೇಳಿದ್ರೆ ಬೇರೆ ಬಗೆ ಆಗುತ್ತೆ."

ಭಾವ ಟವೆಲಿನಲ್ಲಿ ಕೈ ಒರೆಸಿಕೊಂಡರು. "ಆಯ್ತು. ಮೂರು ಗಂಟೆಗೆ ನಾನೇ ಹೇಳ್ತೀನಿ. ಅಲ್ಲಿವರೆಗೂ ನೀನು ಬಾಯಿ ಬಿಡಬೇಡ. ಅಷ್ಟು ಮಾಡ್ತೀಯಾ?"

"ಮಾಡ್ತೀನಿ."

ಅಕ್ಕ ಪೆಟ್ಟಿಗೆಯಿಂದ ಒಂದು ತಟ್ಟೆ ತೆಗೆದು ಪೇಪರು ಬಿಚ್ಚುತ್ತಿದ್ದಳು. ಮೀಟರಮ್ಮ ಊಟ ಮಾಡದೆ ಮೆಟ್ಟಿಲಿಳಿದಳು.

ಮೂರು ಗಂಟೆ ಹತ್ತು ನಿಮಿಷಕ್ಕೆ ಅವಳಿಗೆ ಕರೆ ಬಂತು. ದೊಡ್ಡ ಡಾಕ್ಟರ ಮೇಜಿನ ಮೇಲೆ ಟ್ರಿಪ್ ಶೀಟಿನ ಫೈಲು, ಅದರ ಪಕ್ಕ ಗಾಡಿಯ ಮೀಟರು ನೋಡಿ ಕಾವಲುಗಾರ ಬರೆದುಕೊಟ್ಟ ಒಂದು ಚೀಟಿ. ಭಾವ ಕಿಟಕಿಯ ಬಳಿ ಕೈ ಕಟ್ಟಿ ನಿಂತಿದ್ದರು.

"ಕೂತ್ಕೊಳ್ಳಿ," ಎಂದರು ಡಾಕ್ಟರು. "ಆರು ತಿಂಗಳ ಹಿಂದೆ ಸರ್ವೀಸ್ ಆದಾಗ ನಿಮ್ಮ ಗಾಡಿಯ ಮೀಟರು 1,88,240. ಇವತ್ತು 2,02,951. ಅಂದ್ರೆ 14,711 ಕಿಲೋಮೀಟರ್ ಓಡಿದೆ. ನೀವು ಸಹಿ ಹಾಕಿದ ಹಾಳೆಗಳಲ್ಲಿರೋದು 10,824. ಮಿಕ್ಕ 3,887 ಎಲ್ಲಿ ಹೋಯ್ತು?"

ಮೀಟರಮ್ಮ ಭಾವನನ್ನು ನೋಡಿದಳು. "ಇವರು ನಿಮಗೆ ಹೇಳ್ಲಿಲ್ವಾ ಮೇಡಂ?"

"ಹೇಳಿದ್ರು. ಗಾಡಿಯನ್ನ ನೀವು ಸ್ವಂತಕ್ಕೆ ಓಡಿಸ್ತೀರಿ ಅನ್ನೋ ಅನುಮಾನ ಇದೆ, ಮೀಟರ್ ನೋಡಿಸಿ ಅಂದ್ರು. ನಾದಿನಿ ಅಂತ ಇಷ್ಟು ದಿನ ಸುಮ್ಮನಿದ್ದರಂತೆ."

ಭಾವ ಕಿಟಕಿಯ ಹೊರಗೇ ನೋಡುತ್ತ ಹೇಳಿದರು: "ಅವಳು ಕೊಟ್ಟಿದ್ದನ್ನೇ ನಾನು ಬರೆದಿದ್ದು ಮೇಡಂ. ದಾರೀಲಿ ಏನು ಮಾಡ್ತಾಳೋ ನನಗೆ ಹೇಗೆ ಗೊತ್ತಾಗಬೇಕು?"

ಒಂದೂವರೆ ಗಂಟೆ ಬಾಯಿ ಮುಚ್ಚಿಕೊಂಡಿರುತ್ತೇನೆಂದು ಅವಳು ಕೊಟ್ಟ ಮಾತನ್ನು ಭಾವ ಇದಕ್ಕೆ ಬಳಸಿಕೊಂಡಿದ್ದರು.

"ಏಳನೇ ಕೇಂದ್ರದ ನರ್ಸಿಗೆ ಫೋನ್ ಮಾಡಿ ಮೇಡಂ. ನಾನು ಮಾತಾಡಲ್ಲ. ನೀವೇ ಕೇಳಿ."

ಡಾಕ್ಟರು ಫೋನನ್ನು ಸ್ಪೀಕರಿಗೆ ಹಾಕಿದರು. ನಾಲ್ಕನೆಯ ರಿಂಗಿಗೆ ಆ ಕಡೆಯಿಂದ ಧ್ವನಿ ಬಂತು.

"ನಿಮ್ಮ ಮಾದರಿಗಳನ್ನ ಐದನೇ ಕೇಂದ್ರಕ್ಕೆ ಯಾರು ತಗೊಂಡು ಹೋಗ್ತಾರೆ?" ಎಂದು ಕೇಳಿದರು ಡಾಕ್ಟರು.

"ಯಾರು ತಗೊಂಡು ಹೋಗ್ತಾರೆ ಅಂದ್ರೆ? ಮೀಟರಮ್ಮ ಬರ್ತಾರಲ್ಲ. ಹನ್ನೆರಡೂಕಾಲಿಗೆ ಇಲ್ಲಿರ್ತಾರೆ. ನಮ್ಮ ಗಡಿಯಾರ ನಿಂತ್ರೆ ಅವರನ್ನ ನೋಡಿಯೇ ಟೈಮ್ ಇಟ್ಕೊಳ್ಳೋದು."

"ಈ ಆರು ತಿಂಗಳಲ್ಲಿ ಎಷ್ಟು ಸಲ ಬಂದಿಲ್ಲ?"

"ಎರಡು ಸಲ. ರಸ್ತೆ ಮೇಲೆ ಮಣ್ಣು ಕುಸಿದಿತ್ತಲ್ಲ, ಆಗ. ಯಾಕೆ ಮೇಡಂ, ಅವರಿಗೇನಾದ್ರೂ ಆಯ್ತಾ?"

"ಏನೂ ಆಗಿಲ್ಲ," ಎಂದು ಡಾಕ್ಟರು ಫೋನ್ ಇಟ್ಟರು. ಕ್ಯಾಲ್ಕುಲೇಟರ್ ಎಳೆದುಕೊಂಡು ಐವತ್ತನ್ನು 286ರಿಂದ ಗುಣಿಸಿ, ಎರಡು 198 ಕೂಡಿಸಿದರು. 14,696. ಮೀಟರಿನ ಲೆಕ್ಕಕ್ಕೂ ಅದಕ್ಕೂ ಇದ್ದ ವ್ಯತ್ಯಾಸ ಹದಿನೈದು.

"ಗ್ಯಾರೇಜಿಗೆ ಹೋಗಿ ಬಂದದ್ದು," ಎಂದಳು ಮೀಟರಮ್ಮ.

ಡಾಕ್ಟರು ಫೈಲನ್ನು ಭಾವನ ಕಡೆ ತಿರುಗಿಸಿ ಹಿಡಿದರು. "ಇದು ನಿಮ್ಮ ಅಕ್ಷರ ಅಲ್ಲ. ಯಾರದು?"

ಭಾವ ಮತ್ತೆ ಕಿಟಕಿಯ ಕಡೆ ತಿರುಗಿದರು. ಡಾಕ್ಟರು ಮೀಟರಮ್ಮನನ್ನು ಕೇಳಿದರು. "ನಿಮಗೆ ಗೊತ್ತಾ?"

"ಗೊತ್ತಿಲ್ಲ ಮೇಡಂ."

"ಸಹಿ?"

"ಸಹಿ ನಂದೇ. ಖಾಲಿ ಹಾಳೆಗೆ ಹಾಕಿ ಕೊಟ್ಟಿದ್ದೆ. ಇಲ್ಲಿ ಎಲ್ಲರೂ ಹಾಗೇ ಮಾಡೋದು."

"ಎಲ್ಲರೂ ಮಾಡ್ತಾರೆ ಅನ್ನೋದನ್ನ ನಾನು ಬರೆದುಕೊಳ್ಳೋಕೆ ಆಗಲ್ಲ," ಎಂದರು ಡಾಕ್ಟರು. "ನಾಳೆ ಈ ಮಾದರಿಗಳಲ್ಲೇ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ನನ್ನ ಕೈಲಿರೋದು ನಿಮ್ಮ ಸಹಿ ಒಂದೇ. ನೀವು ಗುಡ್ಡ ಹತ್ತಿದ್ದು ನಿಜ. ಹತ್ತಿಲ್ಲ ಅಂತ ಸಹಿ ಹಾಕಿ ಕೊಟ್ಟಿದ್ದೂ ನಿಜ."

ಮೀಟರಮ್ಮ ಕುರ್ಚಿ ಹಿಂದಕ್ಕೆ ಸರಿಸಿ ಎದ್ದಳು. ಹೊರಗೆ ಬಂದಾಗ ಭಾವ ಅವಳ ಹಿಂದೆಯೇ ಬಂದರು. ಮೊಗಸಾಲೆಯಲ್ಲಿ ಬೇರೆ ಯಾರೂ ಇರಲಿಲ್ಲ.

"ಅಕ್ಕನ ಹೆಸರು ಹೇಳ್ಲಿಲ್ಲ ನೀನು," ಎಂದರು. "ಉಪಕಾರ ಆಯ್ತು."

"ನಿಮಗೋಸ್ಕರ ಅಲ್ಲ."

"ಅವಳ ಕಾಲು ನೋಡಿದ್ದೀಯಲ್ಲ, ನಾನಿನ್ನೇನು ಮಾಡಲಿ ಹೇಳು."

"ನನ್ನನ್ನ ಕಳ್ಳಿ ಅಂದ್ರಲ್ಲ ಭಾವ. ಅದರಿಂದ ಅವಳ ಕಾಲು ವಾಸಿಯಾಗ್ತಿತ್ತಾ?"

ಅಷ್ಟರಲ್ಲಿ ಗುಮಾಸ್ತೆ ಕೈಯಲ್ಲಿ ಸೀಲು ಹಿಡಿದು ಡಾಕ್ಟರ ಕೋಣೆಗೆ ಹೊರಟವಳು ಇಬ್ಬರ ಮುಖ ನೋಡಿ, ಬದಿಗೆ ಸರಿದು ಒಳಗೆ ಹೋದಳು.

ಸಂಜೆ ಐದು ಗಂಟೆಗೆ ಪೂರ್ತಿ ಬ್ಯಾಟರಿಯ ವ್ಯಾನಿನ ಖರೀದಿ ರದ್ದಾಯಿತು. ಭಾವನನ್ನು ಉಗ್ರಾಣಕ್ಕೆ ಹಾಕಿದರು. ಕಾಂಪೌಂಡಿನ ನೆಲಮನೆಯನ್ನು ಯಾರಿಗೂ ಕೊಡಲಿಲ್ಲ. ಭಾನುವಾರ ಮೀಟರಮ್ಮ ಅಕ್ಕನಿಗೆ ಎರಡು ಸಲ ಫೋನ್ ಮಾಡಿದಳು. ಎರಡು ಸಲವೂ ಎತ್ತಿದವರು ಭಾವ, ಮಲಗಿದ್ದಾಳೆ ಎಂದರು.

ಹೈಬ್ರಿಡ್ ವ್ಯಾನ್ ಹನ್ನೊಂದು ವಾರದ ನಂತರ ಬಂತು. ಮೊದಲ ಶುಕ್ರವಾರ ಏಳೂ ಕೇಂದ್ರ ಮುಟ್ಟಿ 286 ಕಿಲೋಮೀಟರ್ ಓಡಿತು. ಓಡಿಸಿದ್ದು ಹೊಸದಾಗಿ ಬಂದ ಡ್ರೈವರ್. ಖಾಲಿ ಹಾಳೆಗೆ ಸಹಿ ಹಾಕಿದ ಕಾರಣಕ್ಕೆ ಮೀಟರಮ್ಮನನ್ನು ಊರೊಳಗೆ ಸ್ಕೂಟರಿನಲ್ಲಿ ಮಾದರಿ ತರುವ ಕೆಲಸಕ್ಕೆ ಬದಲಾಯಿಸಿದ್ದರು.