ಏಳನೆಯ ಸೀಸೆಯ ಏಣಿ

ನಲವತ್ತೊಂದು ವರ್ಷ ಆಸ್ಪತ್ರೆಯ ಕಿಟಕಿಯ ಹಿಂದೆ ನಿಂತು ಔಷಧ ಬೆರೆಸಿ ಕೊಟ್ಟ ಮನುಷ್ಯನಿಗೆ ಮೊಮ್ಮಗಳ ನೆಗಡಿ ಯಾವ ಲೆಕ್ಕ? ಕಾಂಪೌಂಡರ್ ತಾತನನ್ನು ಬೀದಿಯವರೆಲ್ಲ 'ಅರ್ಧ ಡಾಕ್ಟರ್' ಎನ್ನುತ್ತಿದ್ದರು. ತಮಾಷೆಗೇ ಅನ್ನಿ, ಆದರೆ ತಾತ ಅದನ್ನು ಬಿರುದಿನ ಹಾಗೆ ಹೊತ್ತು ತಿರುಗುತ್ತಿದ್ದರು. "ಇನ್ನರ್ಧ ಎಲ್ಲಿ ತಾತ?" ಎಂದು ಯಾರಾದರೂ ಕೆಣಕಿದರೆ, "ಅದು ಫೀಸು ತಗೊಳ್ಳೋ ಅರ್ಧ, ನನ್ನ ಹತ್ರ ಇಲ್ಲ" ಎಂದು ನಗುತ್ತಿದ್ದರು.

ಮನೆಯಲ್ಲಿದ್ದವರು ಮೂವರೇ. ತಾತ, ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವ ಮಗಳು, ಮತ್ತೆ ಅವಳ ನಾಲ್ಕೂವರೆ ವರ್ಷದ ಮಗು. ಅಳಿಯ ಮಗು ಹುಟ್ಟುವ ಮುಂಚೆಯೇ ತನ್ನ ದಾರಿ ಹಿಡಿದಿದ್ದ. ಮಗುವಿನ ಬಾಯಿ ಪಟಪಟ ಎನ್ನುತ್ತಲೇ ಇರುತ್ತಿದ್ದುದರಿಂದ ಅದಕ್ಕೆ ಚಿನಕುರಳಿ ಎಂದೇ ಹೆಸರು ಬಿದ್ದಿತ್ತು.

ಚಿನಕುರಳಿ ಒಂದು ಸಲ ಸೀನಿದರೆ ಸಾಕು, ತಾತನ ಬೀರು ತೆರೆಯುತ್ತಿತ್ತು. ಆಂಟಿಬಯಾಟಿಕ್ ಪುಡಿ ಇದ್ದ ಸೀಸೆಗೆ ಕುದಿಸಿ ಆರಿಸಿದ ನೀರನ್ನು ಗೆರೆಯವರೆಗೆ ಸುರಿದು ಕುಲುಕುವರು. ಆಮೇಲೆ ಹಳೇ ಕಾಲದ ಕಾಂಪೌಂಡರುಗಳ ಕ್ರಮದಂತೆ ಉದ್ದನೆಯ ಕಾಗದದ ಪಟ್ಟಿಗೆ ಕತ್ತರಿಯಿಂದ ಕಚ್ಚು ಹಾಕಿ ಸೀಸೆಯ ಬದಿಗೆ ಅಂಟಿಸುವರು. ಒಂದು ಕಚ್ಚು ಅಂದರೆ ಒಂದು ಡೋಸು. ಇದು ಮಗುವಿನ ಕಣ್ಣಿಗೆ ಏಣಿ. ಒಂದೊಂದು ಡೋಸು ಕುಡಿದಾಗಲೂ ಒಂದೊಂದು ಮೆಟ್ಟಿಲಿಗೆ ಬಣ್ಣದ ಕಡ್ಡಿಯಿಂದ ಬಣ್ಣ ಹಚ್ಚಿ, "ತಾತಾ, ಇವತ್ತು ಇಷ್ಟು ಇಳಿದೆ" ಎನ್ನುತ್ತಿತ್ತು. ಏಣಿ ಮುಗಿಯುವ ಹೊತ್ತಿಗೆ ನೆಗಡಿಯೂ ಮುಗಿಯುತ್ತಿತ್ತು. ಸುಮ್ಮನಿದ್ದರೂ ಅದು ಅಷ್ಟು ದಿನಕ್ಕೆ ಮುಗಿಯುತ್ತಿತ್ತು ಎಂಬುದು ತಾತನ ತಲೆಗೆ ಹೊಳೆಯಲೇ ಇಲ್ಲ ನೋಡಿ. "ಏನಪ್ಪಾ ಕೊಟ್ಟಿದ್ದು?" ಎಂದು ಮಗಳು ಕೇಳಿದರೆ, "ನೆಗಡಿ ಔಷಧ ಕಣೇ, ನಂಗೇ ಹೇಳಿಕೊಡ್ತೀಯಾ?" ಎಂದು ಬಾಯಿ ಮುಚ್ಚಿಸುತ್ತಿದ್ದರು. ಒಂದೂವರೆ ವರ್ಷದಲ್ಲಿ ಹಾಗೆ ಆರು ಸೀಸೆ ಖಾಲಿಯಾದವು. ಸೀಸೆ ಎಸೆಯುವ ಜಾಯಮಾನ ಅವರದಲ್ಲ. ತೊಳೆದು ಬೀರುವಿನಲ್ಲಿ ಸಾಲಾಗಿ ಇಟ್ಟರು.

ಏಳನೆಯ ಸೀಸೆಯ ಏಣಿಯಲ್ಲಿ ಇನ್ನೂ ಎರಡು ಮೆಟ್ಟಿಲು ಉಳಿದಿರುವಾಗಲೇ ಮಗುವಿನ ಪಕ್ಕೆ ಪ್ರತಿ ಉಸಿರಿಗೂ ಒಳಕ್ಕೆ ಸೆಳೆದುಕೊಳ್ಳತೊಡಗಿತು. ಆಸ್ಪತ್ರೆಗೆ ಎತ್ತಿಕೊಂಡು ಓಡಿದರು. ಮಾತು ನಿಲ್ಲಿಸಲು ಬೈಯಬೇಕಾಗಿದ್ದ ಮಗು ಐದು ದಿನ ಮೂಗಿಗೆ ಕೊಳವೆ ಹಾಕಿಸಿಕೊಂಡು ಮಲಗಿತ್ತು, ತುಟಿಪಿಟಕ್ಕೆನ್ನಲಿಲ್ಲ. ಆರನೆಯ ದಿನ ಬೆಳಿಗ್ಗೆ ಹೋಗಿಯೇಬಿಟ್ಟಿತು.

ಆಸ್ಪತ್ರೆ ಸೇರಿದ ಮೂರನೆಯ ದಿನವೇ ಡಾಕ್ಟರಮ್ಮ ತಾತನನ್ನು ಪಡಸಾಲೆಗೆ ಕರೆದು, ಮೊದಲು ಏನೇನು ಔಷಧ ಕೊಟ್ಟಿದ್ದಿರಿ ಎಂದು ಕೇಳಿದ್ದಳು. ಮಗಳು ಆಗ ಮಗುವಿನ ಹತ್ತಿರ ಇದ್ದಳು. ತಾತ ಹೇಳಿದರು. ಆಕೆ ಬೈಯಲಿಲ್ಲ, ಬೈದಿದ್ದರೇ ಚೆನ್ನಾಗಿತ್ತು.

"ಇದು ವೈರಸ್ಸು ತಾತ. ಆ ಸಿರಪ್ ಇದಕ್ಕೆ ನಾಟೋದೇ ಇಲ್ಲ. ಅದು ಕೊಲ್ಲೋದು ಬ್ಯಾಕ್ಟೀರಿಯಾನ. ಮಕ್ಕಳ ಕರುಳಲ್ಲಿ ಒಳ್ಳೇ ಬ್ಯಾಕ್ಟೀರಿಯಾನೂ ಇರ್ತವಲ್ಲ, ಪದೇ ಪದೇ ಕೊಟ್ರೆ ಅವೂ ಸಾಯ್ತವೆ. ಶ್ವಾಸಕೋಶಕ್ಕೆ ಸೋಂಕು ಬಂದಾಗ ಮೈ ಸಜ್ಜಾಗೋದ್ರಲ್ಲಿ ಅವುಗಳದ್ದೂ ಕೈ ಇದೆ ಅಂತ ಈಗೀಗ ತಿಳೀತಿದೆ."

"ಹಾಗಾದ್ರೆ ನಾನೇ..."

"ಹಾಗನ್ನೋಕಾಗಲ್ಲ. ಏನೂ ಕೊಡದ ಮಕ್ಕಳಿಗೂ ಹೀಗಾಗತ್ತೆ." ಆಮೇಲೆ ಆಕೆಯೇ, "ಇಲ್ಲ ಅನ್ನೋಕೂ ಆಗಲ್ಲ" ಎಂದಳು.

ಮನೆಗೆ ಬಂದ ಮೇಲೆ ಮಗಳು ಅಳಲೇ ಇಲ್ಲ. ಒಂದೇ ಮಾತು. "ಅವತ್ತು ಅಂಗಡಿಗೆ ಕರ್ಕೊಂಡು ಹೋಗಬಾರದಿತ್ತು." ಈ ಕೊನೆಯ ನೆಗಡಿ ಶುರುವಾಗುವ ಮುಂಚೆ, ಶಿಶುವಿಹಾರಕ್ಕೆ ರಜೆ ಇದ್ದ ದಿನ ಮಗುವನ್ನು ಜೊತೆಗೆ ಒಯ್ದಿದ್ದಳು. ಗಿರಾಕಿಯೊಬ್ಬರ ಮಗು ಕೆಮ್ಮುತ್ತಿತ್ತು, ಎರಡೂ ಕೂತು ಖಾಲಿ ಫ್ರೇಮು ಹಾಕಿಕೊಂಡು ಆಡಿದ್ದವು. "ಕೆಮ್ಮೋದು ಕಿವಿಗೆ ಬಿತ್ತಪ್ಪಾ. ಗಲಾಟೆ ಮಾಡದೆ ಆಡ್ತಿದಾಳಲ್ಲ ಅಂತ ಸುಮ್ಮನಾದೆ." ಹನ್ನೆರಡು ದಿನ ಇದೇ. ತಟ್ಟೆಯ ಮುಂದೆ ಕೂತು ಎರಡು ತುತ್ತು ಉಂಡು ಏಳುವಳು, ಕೈ ತೊಳೆಯಲು ಹೋದರೆ ಚರ್ಮ ಕೆಂಪಾಗುವವರೆಗೆ ಉಜ್ಜುವಳು.

ತಾತ ಎದುರಿಗೇ ಇದ್ದರು. ನಾಲಿಗೆ ಬಿದ್ದುಹೋಗಿತ್ತೇ ಆ ಮನುಷ್ಯನಿಗೆ? ಬಿದ್ದಿರಲಿಲ್ಲ, ಹೆದರಿತ್ತು. ಇನ್ನು ಲೋಕದಲ್ಲಿ ಇವಳೊಬ್ಬಳೇ ತನ್ನವಳು, ಇವಳೂ ಮುಖ ತಿರುಗಿಸಿದರೆ? ಬಾಯಿವರೆಗೆ ಬಂದದ್ದನ್ನು ದಿನವೂ ನುಂಗುತ್ತಿದ್ದರು. ಡಾಕ್ಟರಮ್ಮ ಹೇಳಿದ್ದರಲ್ಲಿ 'ಹಾಗನ್ನೋಕಾಗಲ್ಲ' ಎಂಬುದನ್ನಷ್ಟೇ ನೆನೆಸಿಕೊಳ್ಳುತ್ತಿದ್ದರು. ಇನ್ನರ್ಧ ಮಾತು ತಾನಾಗೇ ನೆನಪಾಗುತ್ತಿತ್ತು.

ಹದಿಮೂರನೆಯ ದಿನ ಮಧ್ಯಾಹ್ನ ಅಂಗಡಿಯ ಯಜಮಾನರು ಫೋನು ಮಾಡಿದರು. ಕೆಲಸಕ್ಕೆ ಯಾವಾಗ ಬರ್ತೀಯಮ್ಮ ಎಂದು ಕೇಳಿರಬೇಕು. "ಬರಲ್ಲ ಸಾರ್. ನನ್ನ ಮಗೂನ ನಾನೇ ಕೊಂದೆ ಅಲ್ಲಿ" ಎಂದಳು ಮಗಳು, ಹಾಲು ಬೇಡ ಎನ್ನುವಷ್ಟು ಸಲೀಸಾಗಿ.

ತಾತ ಎದ್ದರು. ಬೀರು ತೆರೆದು ಏಳೂ ಸೀಸೆ ತಂದು ಅಡುಗೆಮನೆಯ ಮೇಜಿನ ಮೇಲೆ ಸಾಲಾಗಿ ಇಟ್ಟರು.

"ಅಂಗಡಿ ಮಾತು ಬಿಡು. ಇದನ್ನ ನೋಡು. ಇದು ನೆಗಡಿ ಔಷಧ ಅಲ್ಲ ಕಣಮ್ಮ, ಆಂಟಿಬಯಾಟಿಕ್ಕು. ಏಳು ಸಲ ಕೊಟ್ಟೆ, ಒಂದು ಸಲಾನೂ ಬೇಕಿರಲಿಲ್ಲ. ಮಗುವಿನ ಹೊಟ್ಟೆಯೊಳಗೆ ಕಾಯೋಕೆ ಅಂತ ಇದ್ದದ್ದನ್ನ ನಾನೇ ತೊಳೆದುಹಾಕಿದೆ. ರೋಗ ಯಾರಿಂದಲೋ ಬಂತು, ಇವತ್ತಲ್ಲ ನಾಳೆ ಎಲ್ಲಾ ಮಕ್ಕಳಿಗೂ ಬರತ್ತೆ. ಬಂದಾಗ ತಡ್ಕೊಳ್ಳೋ ಶಕ್ತಿ ಕಿತ್ಕೊಂಡವನು ನಾನು." ಡಾಕ್ಟರಮ್ಮ ಹೇಳಿದ 'ಹಾಗನ್ನೋಕಾಗಲ್ಲ' ಎಂಬುದನ್ನು ಬೇಕೆಂದೇ ಹೇಳಲಿಲ್ಲ.

ಮಗಳು ಏಳನೆಯ ಸೀಸೆಯನ್ನು ಎತ್ತಿಕೊಂಡಳು. ಬಣ್ಣ ತುಂಬಿದ ಮೆಟ್ಟಿಲುಗಳ ಮೇಲೆ ಬೆರಳು ಆಡಿಸಿದಳು. ಕೊನೆಯ ಎರಡು ಬೆಳ್ಳಗಿದ್ದವು. ಉಗುರಿನಿಂದ ಪಟ್ಟಿಯನ್ನು ಹರಿಯದ ಹಾಗೆ ಮೆಲ್ಲಗೆ ಬಿಡಿಸಿ, ಕಾಗದವನ್ನು ತಾನಿಟ್ಟುಕೊಂಡು ಸೀಸೆಯನ್ನು ಅಪ್ಪನತ್ತ ತಳ್ಳಿದಳು.

"ಯಾಕಪ್ಪಾ? ಕೇಳಿದ್ನಲ್ಲಾ ನಾನು, ಪ್ರತಿ ಸಲ ಕೇಳಿದ್ನಲ್ಲಾ!"

ಅವಳು ಬಾಗಿಲತ್ತ ಕೈ ತೋರಿಸಿದಳು.

"ಹೋಗು. ನನ್ನ ಕಣ್ಣೆದುರು ಇರಬೇಡ."

ತಾತ ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತರು. ಒಳಗೆ ಸೀಸೆ ಒಡೆದ ಸದ್ದು, ಅದರ ಹಿಂದೆಯೇ ಹದಿಮೂರು ದಿನದಿಂದ ಕಟ್ಟಿಕೊಂಡಿದ್ದ ಅಳು. ಅಪ್ಪಾ, ನಿನ್ನ ಕೈ ಸೇದಿಹೋಗಬಾರದಿತ್ತಾ, ಅರ್ಧ ಡಾಕ್ಟರಂತೆ, ಅಪ್ಪಾ, ಕೊಂದ್ಯಲ್ಲೋ ಎಂದು ಅವಳು ಕಿರುಚುತ್ತಲೇ ಇದ್ದಳು. ಪಕ್ಕದ ಮನೆಯ ಬಾಗಿಲು ತೆರೆದು ಮುಚ್ಚಿತು. ತಾತ ಕದಲದೆ ಕೂತು ಒಂದೊಂದು ಮಾತನ್ನೂ ಕೇಳಿಸಿಕೊಂಡರು. ಅಷ್ಟು ಹೊತ್ತಿನಲ್ಲಿ ಒಮ್ಮೆಯೂ ಅವಳು 'ನಾನೇ ಕೊಂದೆ' ಎನ್ನಲಿಲ್ಲ.