ಕ್ಯಾಮೆರಾಕ್ಕೆ ಸುತ್ತಿದ ರುಮಾಲು

ಸುರಪುರದ ಕಡೆಯ ಒಂದು ಹಳ್ಳಿ. ಹುಲಗಪ್ಪನ ದೊಡ್ಡಿಯಿಂದ ಮತ್ತೊಂದು ಆಡಿನ ಮರಿ ಕಾಣೆಯಾಗಿತ್ತು. ಬೇಲಿಯ ಹತ್ತಿರ ರಕ್ತದ ಕಲೆ, ಒಂದಿಷ್ಟು ಕೂದಲು, ಅಷ್ಟೇ. ಸಿಟ್ಟು ಯಾರಿಗೆ ಬರುವುದಿಲ್ಲ ಹೇಳಿ?

"ಇದು ತ್ವಾಳದ ಕೆಲಸ! ಗೈರಾಣದಾಗ ಮೇಸೂದು ಬಿಡಿಸಿ ಆ ಸಮಿತಿಯವ್ರು ಗಿಡಗಂಟಿ ಬೆಳಸಿದ್ರು, ತ್ವಾಳ ಬಂತು. ಇವತ್ತ ಅದರ ಗವಿಗೆ ಹೊಗಿ ಹಾಕ್ತೀನಿ" ಎಂದು ಹುಲಗಪ್ಪ ಒಣಮೆಣಸಿನಕಾಯಿ, ಹುಲ್ಲು ಗಂಟು ಕಟ್ಟಿದ. ಗವಿಯ ಬಾಯಲ್ಲಿ ಮೆಣಸಿನಕಾಯಿ ಸುಟ್ಟರೆ ಒಳಗಿದ್ದ ತೋಳ ಉಸಿರುಗಟ್ಟಿ ಸಾಯುತ್ತದೆ.

ಅಷ್ಟರಲ್ಲಿ ಯಶೋಧರಾ ಬಂದಳು. ಊರ ಗೈರಾಣ, ಅಂದರೆ ದನಕರು ಮೇಯುವ ಗೋಮಾಳ, ನೋಡಿಕೊಳ್ಳುವ ಸಮಿತಿಯವಳು. ಕಾಡುಪ್ರಾಣಿಗಳ ಓಡಾಟ ನೋಡಲು ಅಲ್ಲಿ ಕಟ್ಟಿರುವ ಕ್ಯಾಮೆರಾಗಳ ಉಸ್ತುವಾರಿ ಅವಳದೇ.

"ತಡೀರಿ ಕಾಕಾ. ಗವ್ಯಾಗ ತ್ವಾಳದ ಸಣ್ಣ ಮರಿ ಅದಾವು. ತ್ವಾಳನ ಒಯ್ದೈತಿ ಅಂತ ಕಣ್ಣಿಲೆ ನೋಡೀರೇನು? ಕ್ಯಾಮೆರಾ ನೋಡೂಣು ಬರ್ರಿ. ಮುಂದ ಏನರ ಹಾದ್ರ ಸಾಕು, ತಾನ ಫೋಟೊ ತಗೀತೈತಿ."

ಹುಲಗಪ್ಪ ಗೊಣಗುತ್ತಲೇ ಹೊರಟ. ಹೆಂಡತಿ ಬಸ್ಸಮ್ಮನೂ ಹಿಂದೆ ಬಂದಳು. ಬೇವಿನ ಮರದ ಹತ್ತಿರ ಹೋಗಿ ನೋಡಿದರೆ, ಕ್ಯಾಮೆರಾಕ್ಕೆ ಬಿಗಿಯಾಗಿ ಬಟ್ಟೆ ಸುತ್ತಿದೆ!

"ಅರೆ ಇಸ್ಕಿ! ಇದು ನನ್ನ ರುಮಾಲ! ಮನಿಯೆಲ್ಲಾ ಹುಡಿಕ್ಯಾಡಿದ್ನಲ್ಲ!" ಎಂದ ಹುಲಗಪ್ಪ.

ಬಸ್ಸಮ್ಮ ಸೊಂಟದ ಮೇಲೆ ಕೈ ಇಟ್ಟು ನಿಂತಳು. "ನಾನ ಸುತ್ತೀನಿ. ನಾವು ಹೆಣ್ಮಕ್ಕಳು ಕಟ್ಟಿಗಿಗೆ, ಬಯಲಕಡಿಗೆ ಇದ ದಾರೀಲೆ ಹೋಗ್ತೀವಿ. ನಮ್ಮ ಫೋಟೊ ಯಾರ್ಯಾರೋ ನೋಡೂದಂದ್ರ ಏನು?"

ಸರಿಯಾದ ಮಾತೇ ಅಲ್ಲವೇ? ಕೇಳದೆ ದಾರಿಯಲ್ಲಿ ಕ್ಯಾಮೆರಾ ಇಟ್ಟರೆ ಯಾವ ಹೆಣ್ಣುಮಗಳು ಸುಮ್ಮನಿರುತ್ತಾಳೆ?

"ಖರೇ ಐತಿ ಚಿಗವ್ವ" ಎಂದಳು ಯಶೋಧರಾ. "ಕಟ್ಟೂಕಿಂತ ಮೊದಲ ನಿಮ್ಮನ್ನ ಕೇಳಬೇಕಿತ್ತು, ನಮ್ಮ ತಪ್ಪಾತು. ಮನಷ್ಯಾರ ಫೋಟೊ ಬಂದ್ರ ಅಳಿಸಿ ಹಾಕ್ತೀವಿ. ಈಗ ಎಲ್ಲಿ ಕಟ್ಟಬೇಕು, ನೀವ ತೋರಿಸ್ರಿ."

ಬಸ್ಸಮ್ಮ ತೋರಿಸಿದಳು. ಒಂದನ್ನು ದೊಡ್ಡಿಯ ಹಿಂದೆ ಮೊಣಕಾಲೆತ್ತರಕ್ಕೆ ಕಟ್ಟಿದರು. ಇನ್ನೊಂದನ್ನು ಪ್ರಾಣಿಗಳು ಓಡಾಡುವ ಗುಡ್ಡದ ಹಾದಿಗೆ ತಿರುಗಿಸಿದರು. ಒಂದು ವಾರ ಹೊಗೆ ಹಾಕುವುದಿಲ್ಲವೆಂದು ಹುಲಗಪ್ಪ ಒಲ್ಲದ ಮನಸ್ಸಿನಿಂದ ಮಾತು ಕೊಟ್ಟ.

ವಾರ ತುಂಬುವ ಮೊದಲೇ ಇನ್ನೊಂದು ಮರಿ ಹೋಯಿತು. ಮೆಣಸಿನಕಾಯಿ ಗಂಟು ಹಿಡಿದುಕೊಂಡೇ ಅವನು ಯಶೋಧರಾಳ ಬಾಗಿಲಿಗೆ ಬಂದ.

"ನಿನ್ನ ಮಾತು ಕೇಳಿ ಕೆಟ್ಟೆ ನೋಡವ್ವ!"

ಯಶೋಧರಾ ತಕ್ಷಣ ಎದ್ದಳು. ಕ್ಯಾಮೆರಾಗಳನ್ನು ಬಿಚ್ಚಿ ತಂದು ಗಂಡ ಹೆಂಡತಿಯ ಮುಂದೆಯೇ ಫೋಟೊ ತೆರೆದಳು. ನಸುಕಿನ ಬೆಳಕು. ಮುರಿದ ಬೇಲಿಯ ಸಂದಿನಿಂದ ನಾಯಿಗಳು ಹೊರಗೆ ಬರುತ್ತಿವೆ. ಮುಂದಿನದರ ಬಾಯಲ್ಲಿ ಆಡಿನ ಮರಿ.

"ಯವ್ವಾ! ಇದು ನಮ್ಮ ಓಣೀದ ಮೋಟಬಾಲದ ನಾಯಿ!" ಎಂದಳು ಬಸ್ಸಮ್ಮ. "ಊರ ಹೊರಗ ಸತ್ತ ಕೋಳಿ, ಕುರಿ ಒಗದು ಒಗದು ನಾವ ರುಚಿ ಹಚ್ಚೀವಿ."

ಗುಡ್ಡದ ಹಾದಿಯ ಫೋಟೊದಲ್ಲಿ ತೋಳ ಇತ್ತು. ಅದರ ಬಾಯಲ್ಲಿ ಗದ್ದೆ ಹಾಳು ಮಾಡುವ ಹೆಗ್ಗಣ. ಹಿಂದೆ ಅದರ ಮರಿಗಳು ಪುಟುಪುಟು ನಡೆಯುತ್ತಿದ್ದವು.

ಹುಲಗಪ್ಪನ ಕಣ್ಣು ತುಂಬಿ ಬಂತು. "ಹೊಗಿ ಹಾಕಿದ್ರ ಈ ಕೂಸುಗಳು ಸಾಯ್ತಿದ್ವು, ನನ್ನ ಮರಿನೂ ಉಳೀತಿದ್ದಿಲ್ಲ. ನೀ ನನ್ನ ಕೈ ಹಿಡದಿ ತಾಯಿ. ನಿನ್ನ ಉಪಕಾರ ಮರಿಯಂಗಿಲ್ಲ."

ಅವತ್ತೇ ಜಾಲಿಮುಳ್ಳು ತಂದು ಬೇಲಿಯ ಸಂದು ಮುಚ್ಚಿದ. ಸತ್ತ ಪ್ರಾಣಿಗಳನ್ನು ಹೂಳಬೇಕೆಂದು ಓಣಿಯವರೆಲ್ಲ ಒಪ್ಪಿದರು. ಆಮೇಲೆ ಮರಿ ಹೋಗಲಿಲ್ಲ. ಬಸ್ಸಮ್ಮ ಆ ಮೆಣಸಿನಕಾಯಿಯನ್ನೇ ಕುಟ್ಟಿ ಖಾರ ಮಾಡಿ, ಬಿಸಿ ರೊಟ್ಟಿ ಜೊತೆ ಯಶೋಧರಾಳಿಗೆ ಒಯ್ದಳು.

"ಗವಿಗೆ ಹೋಗಬೇಕಾಗಿದ್ದು ನಿನ್ನ ತಾಟಿಗೆ ಬಂತು. ಹೊಟ್ಟಿ ತುಂಬ ಉಣ್ಣವ್ವ."

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮೂರ ಗೈರಾಣದಲ್ಲೂ ಇಂಥ ಕ್ಯಾಮೆರಾ ಇದ್ದರೆ ಮುಚ್ಚಬೇಡಿ, ಒಡೆಯಬೇಡಿ. ಅನುಮಾನ ಇದ್ದರೆ ಬಾಯಿಬಿಟ್ಟು ಕೇಳಿ. ಜಾಗ ಸರಿಯಿಲ್ಲದಿದ್ದರೆ ಬದಲಿಸಿ ಎನ್ನಿ, ಅದು ನಿಮ್ಮ ಹಕ್ಕು. ಮರಿ ಹೋದರೆ ಮೊದಲು ಫೋಟೊ ನೋಡಿ, ಆಮೇಲೆ ಬೈಯಿರಿ. ಹುಲಗಪ್ಪನ ರುಮಾಲು ಈಗ ಅವನ ತಲೆಯ ಮೇಲಿದೆ. ನಿಮ್ಮದೂ ಅಲ್ಲೇ ಇರಲಿ.