ಗುರುವಾರದ ಖಾಲಿ ಪೆಟ್ಟಿಗೆಗಳು

ಉಬ್ಬಿದ ಡಬ್ಬವನ್ನು ಟೀಚರಮ್ಮ ಎರಡೇ ಬೆರಳಿನಲ್ಲಿ ಎತ್ತಿದರು. ಮುಚ್ಚಳ ಗುಮ್ಮಟದಂತೆ ಮೇಲೆದ್ದಿತ್ತು. ಅಂಚಿನಿಂದ ಜಿನುಗಿದ ರಸ ಮೇಜಿಗೆಲ್ಲ ಅಂಟಿ, ಹುಳಿನಾತ ಮೂಗಿಗೆ ಅಡರಿತು. ತಾರೀಖು ಮುಗಿದು ಎರಡು ವರ್ಷವಾಗಿತ್ತು. ಮನೆ ಖಾಲಿ ಮಾಡಿದ ಯಾರೋ, ಕಸದ ತೊಟ್ಟಿಯವರೆಗೆ ನಡೆಯಲು ಬೇಸರಪಟ್ಟು ಆಹಾರ ಬ್ಯಾಂಕಿಗೆ ದಾನ ಕೊಟ್ಟಿದ್ದರು.

"ಇದನ್ನ ಕೊಟ್ಟೋರು ತಿಂತಾರಾ?"

"ತಿನ್ನೋ ಹಾಗಿದ್ರೆ ನಮಗ್ಯಾಕೆ ಕೊಡ್ತಿದ್ರು ಅತ್ತಿಗೆ? ಅವ್ರಿಗಿನ್ನೂ ಬದುಕೋ ಆಸೆ ಇದೆ," ಎಂದಳು ನಾದಿನಿ. ಅವಳು ಏಣಿ ಹತ್ತಿ ಕಪಾಟಿನಲ್ಲಿ ರಟ್ಟಿನ ಪೆಟ್ಟಿಗೆಗಳನ್ನು ಜೋಡಿಸುತ್ತಿದ್ದಳು.

ಶಾಲೆಯಿಂದ ನಿವೃತ್ತರಾದ ಮೇಲೆ ಟೀಚರಮ್ಮ ಮಾರುಕಟ್ಟೆಯ ಹಿಂದಿನ ಈ ಹಳೇ ಗೋದಾಮಿನಲ್ಲಿ ಆಹಾರ ಬ್ಯಾಂಕು ನಡೆಸುತ್ತಿದ್ದರು. ಪ್ರತಿ ಗುರುವಾರ ಹನ್ನೊಂದಕ್ಕೆ ಬಾಗಿಲು ತೆರೆದರೆ ಹಿಟ್ಟು, ಬೇಳೆ, ಎಣ್ಣೆ, ಹಾಲಿನ ಪುಡಿ ಬಂದವರ ಚೀಲ ಸೇರುತ್ತಿದ್ದವು. ಅಂಗಡಿಯವರು ಮೊದಲು ಮಿಕ್ಕಿದ್ದನ್ನು ಕಳಿಸುತ್ತಿದ್ದರು. ಈಗ ಅದನ್ನೇ ಅರ್ಧ ಬೆಲೆಗೆ ಮಾರಿಕೊಳ್ಳುತ್ತಾರೆ. ಉಳಿದ ಸರಕು ಇನ್ನು ಎರಡು ಗುರುವಾರಕ್ಕೆ ಬಂದರೆ ಹೆಚ್ಚು. ನಗರಸಭೆ ಅನುದಾನ ಕೊಟ್ಟರೆ ಸರಿ, ಇಲ್ಲದಿದ್ದರೆ ಬಾಗಿಲಿಗೆ ಬೀಗ. ಅದನ್ನು ತೀರ್ಮಾನಿಸುವ ಸಮಿತಿ ಇವತ್ತು ಗೋದಾಮು ನೋಡಲು ಬರುವುದಿತ್ತು.

ಹತ್ತೂವರೆಗೆ ಬಂದರು. ಅಧ್ಯಕ್ಷರು ಹೊಸ್ತಿಲಲ್ಲೇ ಕರವಸ್ತ್ರ ತೆಗೆದು ಮೂಗಿಗೆ ಒತ್ತಿಕೊಂಡರು. ಅವರ ಹಿಂದೆ ಫೋನು ಹಿಡಿದ ಸದಸ್ಯರೊಬ್ಬರು, ಕಂಕುಳಲ್ಲಿ ಕಡತ ಹಿಡಿದ ಗುಮಾಸ್ತೆ. ಹೊರಗೆ ಆಗಲೇ ಸಾಲು ನಿಂತಿತ್ತು. ಅಧ್ಯಕ್ಷರು ನಿಂತವರ ನಡುವೆ ಬಟ್ಟೆ ತಾಗದ ಹಾಗೆ ಓರೆಯಾಗಿ ನುಸುಳಿ ಬಂದಿದ್ದರು. ಗುಮಾಸ್ತೆ ಮಾತ್ರ ಮುಂದೆ ನಿಂತಿದ್ದವಳ ಕೆಳಗೆ ಬಿದ್ದ ಚೀಲವನ್ನು ಎತ್ತಿಕೊಟ್ಟು ಬಂದಳು. ಟೀಚರಮ್ಮನ ಕಣ್ಣಿಗೆ ಅದು ಬಿತ್ತು.

ಅಧ್ಯಕ್ಷರು ಕಪಾಟುಗಳ ಕಡೆ ಕತ್ತೆತ್ತಿ ನೋಡಿದರು. "ಏನಮ್ಮಾ, ಸೂರು ಮುಟ್ಟೋ ಹಾಗೆ ತುಂಬಿಟ್ಕೊಂಡಿದ್ದೀರ! ಇನ್ನೂ ನಮ್ಮ ಮುಂದೆ ಕೈ ಒಡ್ತೀರಲ್ಲ?"

ಸದಸ್ಯರು ಫೋಟೊ ಹೊಡೆದರು. "ಬಿಟ್ಟಿ ಸಿಕ್ರೆ ಜನ ಸೋಮಾರಿ ಆಗ್ತಾರೆ ಸಾರ್. ನೋಡಿ, ಹೇಗೆ ಸಾಲು ಹಚ್ಚಿದ್ದಾರೆ."

ಟೀಚರಮ್ಮ ತಲೆಯೆತ್ತಿ ಕಪಾಟು ನೋಡಿದರು. ಆ ಪೆಟ್ಟಿಗೆಗಳು! ಅವೆಲ್ಲ ಖಾಲಿ. ಕಳೆದ ವರ್ಷ ಕಪಾಟು ಬರಿದಾದಾಗ, ಸಾಲಿನಲ್ಲಿದ್ದವರು ಅದನ್ನು ನೋಡಿ, "ನಂಗೆ ಸ್ವಲ್ಪ ಸಾಕು, ಹಿಂದಿನವ್ರಿಗೆ ಕೊಡಿ" ಎಂದು ತಮ್ಮ ಪಾಲನ್ನೇ ಬಿಟ್ಟು ಹೋಗತೊಡಗಿದ್ದರು. ಅವರ ಸಂಕೋಚ ಹೋಗಲೆಂದು ಟೀಚರಮ್ಮನೇ ಈ ಉಪಾಯ ಹೂಡಿದ್ದು: ಖಾಲಿ ಪೆಟ್ಟಿಗೆಗೆ ಟೇಪು ಸುತ್ತಿ, ಸರಕಿನ ಹೆಸರಿನ ಚೀಟಿ ಮುಂದೆ ಮಾಡಿ ಇಡುವುದು. ವರ್ಷದಿಂದ ಗುರುವಾರ ಬೆಳಗ್ಗೆ ಮುಖ ತೊಳೆದಷ್ಟು ಸಲೀಸಾಗಿ ನಡೆಯುತ್ತಿದ್ದ ಕೆಲಸ. ಇವತ್ತು ಬೇಡವೆಂದು ಯಾರಿಗೂ ಹೊಳೆಯಲೇ ಇಲ್ಲ. ಏಣಿಯ ಮೇಲೆ ನಾದಿನಿ ನಾಲಿಗೆ ಕಚ್ಚಿಕೊಂಡಳು.

ಬಾಗಿಲು ತೆರೆದೇ ಇತ್ತು. ಇಲ್ಲಿ ಆಡಿದ್ದೆಲ್ಲ ಸಾಲಿಗೆ ಕೇಳಿಸುತ್ತದೆ, ಕಾಣಿಸುತ್ತದೆ. ಟೀಚರಮ್ಮ ಒಮ್ಮೆ ಸಾಲಿನ ಕಡೆ ನೋಡಿದರು. ಆಮೇಲೆ ಕಿರುಬೆರಳಿನಿಂದ ಒಂದು ಪೆಟ್ಟಿಗೆಯನ್ನು ತಳ್ಳಿದರು. ಅದು ಅಕ್ಕಪಕ್ಕದವನ್ನೂ ಎಳೆದುಕೊಂಡು ಟೊಳ್ಳು ಸದ್ದು ಮಾಡುತ್ತ ಅಧ್ಯಕ್ಷರ ಬೂಟಿನ ಮೇಲೆ ಉರುಳಿತು. ಹಿಂದೆ ಬರೀ ಗೋಡೆ.

"ಅಂದ್ರೆ ನಮ್ಮ ಕಣ್ಣಿಗೆ ಮಣ್ಣೆರಚೋ ಕೆಲ್ಸ?"

"ನಿಮ್ಮ ಕಣ್ಣಿಗಲ್ಲ ಸ್ವಾಮಿ. ವರ್ಷದ ಹಿಂದೆ ಇದನ್ನ ಶುರು ಮಾಡಿದಾಗ ನೀವು ಈ ಕಡೆ ತಲೆ ಹಾಕ್ತೀರ ಅಂತ ಯಾರಿಗೆ ಗೊತ್ತಿತ್ತು?" ಟೀಚರಮ್ಮ ಕಾರಣ ಹೇಳಿದರು. ಆಮೇಲೆ ಉಬ್ಬಿದ ಡಬ್ಬವನ್ನು ತಂದು ಅವರ ಕೈಗೇ ಇಟ್ಟರು. "ಇದು ದಾನ. ಕೊಡೋರ ಮನೇಲಿ ಬೇಡವಾದದ್ದು. ಇದನ್ನ ಆರಿಸಿ ಆರಿಸಿ ನಂಗೆ ಹೇಸಿಗೆ ಬಂದಿದೆ. ಹೊರಗೆ ನಿಂತಿರೋರು ಉಪ್ಪು ಕೊಂಡ್ರೂ ತೆರಿಗೆ ಕಟ್ತಾರೆ, ಸೋಪು ಕೊಂಡ್ರೂ ಕಟ್ತಾರೆ. ಊರಿನ ದುಡ್ಡಲ್ಲಿ ಅವ್ರ ಊಟಕ್ಕೊಂದು ಪಾಲು ಇಡಿ ಅಂತ ಕೇಳ್ತಿದ್ದೀನಿ. ಭಿಕ್ಷೆ ಕೇಳ್ತಿಲ್ಲ."

ರಸ ಅಧ್ಯಕ್ಷರ ಅಂಗೈಯಿಂದ ಮಣಿಕಟ್ಟಿಗೆ ಇಳಿಯಿತು. "ಥೂ! ಕೈ ಒರೆಸೋಕೆ ಏನಾದ್ರೂ ಕೊಡ್ರೀ!" ಕೈ ಝಾಡಿಸುತ್ತ ಗುಮಾಸ್ತೆಗೆ ಹೇಳಿದರು, "ಬರ್ಕೋ. ದಾಸ್ತಾನು ಇಲ್ಲ, ಅನುದಾನದ ಅಗತ್ಯ ಇದೆ. ಆದರೆ ನಡೆಸೋರು ನಂಬಿಕೆಗೆ ಅರ್ಹರಲ್ಲ."

ಗುಮಾಸ್ತೆ ಪೆನ್ನು ಕೊಡವಿದಳು. ಮತ್ತೆ ಕೊಡವಿದಳು. "ಇಂಕು ಮುಗೀತು ಸಾರ್. 'ಅಗತ್ಯ ಇದೆ' ತನಕ ಬಂದಿದೆ."

"ಅಷ್ಟೇ ಸಾಕು, ಕೊಡು ಇಲ್ಲಿ. ಈ ನಾತದಲ್ಲಿ ಯಾರು ನಿಂತ್ಕೋತಾರೆ?" ತಮ್ಮ ಜೇಬಿನ ಪೆನ್ನು ತೆಗೆದು ಕೆಳಗೆ ರುಜು ಗೀಚಿ, ಮತ್ತೆ ಓರೆಯಾಗಿ ನುಸುಳಿಕೊಂಡು ಹೊರಟೇಹೋದರು. ನಗರಸಭೆಯ ಸೋಮವಾರದ ಸಭೆಯಲ್ಲಿ ಓದುವುದು ಅದನ್ನೇ.

ಗುಮಾಸ್ತೆ ಕೊನೆಯಲ್ಲಿ ಹೊರಟಳು. ಬಾಗಿಲ ಬಳಿ ಬಂದುಹೋದವರ ಪುಸ್ತಕದಲ್ಲಿ ಇಂಕು ಮುಗಿದಿದ್ದ ಅದೇ ಪೆನ್ನಿನಿಂದ ದುಂಡಗೆ ರುಜು ಹಾಕಿ, ಟೀಚರಮ್ಮನ ಕಡೆ ನೋಡದೆ ಮೆಟ್ಟಿಲಿಳಿದಳು.

"ಅತ್ತಿಗೆ, ಪೆಟ್ಟಿಗೆ ಮತ್ತೆ ಜೋಡಿಸ್ಲಾ?"

"ಈಗಿನ್ಯಾರಿಗೆ? ಎಲ್ಲರೂ ನೋಡಿಯಾಯ್ತು."

ಸಾಲಿನ ಮೊದಲನೆಯವಳು ಒಳಗೆ ಬಂದಳು. ಪ್ರತಿ ವಾರ ತೊಳೆದು ಮಡಿಸಿದ ಚೀಲ ತರುವವಳು. ಟೀಚರಮ್ಮ ಹಿಟ್ಟು ಸುರಿಯತೊಡಗಿದರು. ಅರ್ಧಕ್ಕೆ ಅವಳು ಚೀಲದ ಬಾಯಿ ಹಿಡಿದಳು.

"ಸಾಕು ಟೀಚರಮ್ಮ. ಹಿಂದಿನವ್ರಿಗೆ ಇರ್ಲಿ."

"ಮನೇಲಿ ನಾಲ್ಕು ಜನ ಇದ್ದೀರಲ್ಲೇ, ಪೂರ್ತಿ ತಗೋ."

"ನಡೆಯುತ್ತೆ ಬಿಡಿ," ಎಂದು ಅವಳು ಚೀಲಕ್ಕೆ ಗಂಟು ಹಾಕಿದಳು.

ಎರಡನೆಯವನೂ ಅರ್ಧಕ್ಕೇ ಕೈ ಅಡ್ಡ ಹಿಡಿದ. ಅಧ್ಯಕ್ಷರ ಕಾರು ಸಾಲನ್ನು ಸರಿಸಲು ಹಾರ್ನು ಹೊಡೆಯುತ್ತಲೇ ಇತ್ತು. ಮೇಜು ಒರೆಸಿಯಾಗಿತ್ತು, ಡಬ್ಬ ತೊಟ್ಟಿ ಸೇರಿತ್ತು; ಆದರೂ ಆ ಹುಳಿನಾತ ಟೀಚರಮ್ಮನ ಮೂಗಿಗೆ ಬೆಳಗ್ಗೆಗಿಂತ ಜೋರಾಗಿ ಅಡರಿತು. ಸೆರಗಿನಿಂದ ಮೂಗು ಒರೆಸಿಕೊಂಡು ಮೂರನೆಯವಳ ಚೀಲಕ್ಕೆ ಕೈ ಚಾಚಿದರು.